ಚೀನಾ ಉಪಗ್ರಹ ನಾಲ್ಕು ನಿಮಿಷ ತಡವಾಗಿ ಯಾಕೆ ಬಂತು?

ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು:

"ಚೀನಾ ಶೀಚಾಂಗ್ ಉಡಾವಣಾ ಕೇಂದ್ರದಿಂದ ಯಾವೋಗನ್ ಸರಣಿಯ ಮೂರು ಉಪಗ್ರಹಗಳನ್ನು ಹಾರಿಸಿದ ಸುದ್ದಿ ಓದಿದೆ. ಮರುದಿನ ಕಕ್ಷೆಯ ಡೇಟಾ ಇಳಿಸಿಕೊಂಡರೆ ಅಲ್ಲಿ ಉಪಗ್ರಹದ ಹೆಸರೇ ಇಲ್ಲ, ಆಬ್ಜೆಕ್ಟ್ ಎ, ಬಿ, ಸಿ, ಡಿ ಅಂತ ನಾಲ್ಕು ವಸ್ತುಗಳಿವೆ. 'ಎ' ಆರಿಸಿಕೊಂಡು ಮಹಡಿ ಮೇಲೆ ಬೈನಾಕ್ಯುಲರ್ ಹಿಡಿದು ಕಾದೆ. ಆ್ಯಪ್ ಹೇಳಿದ ಹೊತ್ತಿಗೆ ಏನೂ ಬರಲಿಲ್ಲ. ನಾಲ್ಕು ನಿಮಿಷ ಆದ ಮೇಲೆ ಮಸುಕಾದ ಚುಕ್ಕಿಯೊಂದು ಹೆಚ್ಚುಕಮ್ಮಿ ಅದೇ ದಾರಿಯಲ್ಲಿ ಹೋಯಿತು. ಚೀನಾದವರು ಬೇಕಂತಲೇ ತಪ್ಪು ಕಕ್ಷೆ ಕೊಡ್ತಾರೆ ಅಂತಾನೆ ಗೆಳೆಯ. ನಮ್ಮ ಡ್ಯಾಂ, ಮನೆ ಎಲ್ಲಾ ಫೋಟೋ ತೆಗೀತಾರೆ, ರಾಕೆಟ್ ನಮ್ಮ ತಲೆ ಮೇಲೇ ಬೀಳುತ್ತೆ ಅಂತಾರೆ ಚಿಕ್ಕಪ್ಪ. ಇದರಲ್ಲಿ ನಿಜ ಎಷ್ಟು? ಒಂದು ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ತಗೊಂಡು ನಾನೇ ಸಿಗ್ನಲ್ ಹಿಡಿಯಬಹುದಾ?"

ನಿಮ್ಮ ಗೆಳೆಯ ಹೇಳಿದ್ದರಿಂದಲೇ ಶುರು ಮಾಡ್ತೀನಿ. ನೀವು ಇಳಿಸಿಕೊಂಡ ಡೇಟಾ ಚೀನಾ ಕೊಟ್ಟಿದ್ದೇ ಅಲ್ಲ. ಅದು ಅಮೆರಿಕದ ಸೇನೆಯ ರೇಡಾರ್‌ಗಳೂ ದೂರದರ್ಶಕಗಳೂ ಅಳೆದಿದ್ದು. ಅವರು ಅದನ್ನು ಸ್ಪೇಸ್-ಟ್ರ್ಯಾಕ್ ತಾಣದಲ್ಲಿ ಹಾಕುತ್ತಾರೆ, ಅಲ್ಲಿಂದ ಸೆಲೆಸ್‌ಟ್ರ್ಯಾಕ್‌ಗೆ ಬರುತ್ತೆ, ಅಲ್ಲಿಂದ ನಿಮ್ಮ ಆ್ಯಪ್‌ಗೆ. ಹಾಗಾಗಿ ಚೀನಾ ಸುಳ್ಳು ಹೇಳಿದರೂ ಹೇಳದಿದ್ದರೂ ನಿಮ್ಮ ಆ್ಯಪ್‌ನ ಅಂಕಿ ಬದಲಾಗಲ್ಲ. ಕಕ್ಷೆಯನ್ನು ಮುಚ್ಚಿಡೋದು ಯಾವ ದೇಶಕ್ಕೂ ಆಗದ ಮಾತು. 500 ಕಿ.ಮೀ. ಎತ್ತರದಲ್ಲಿ ಬಿಸಿಲಿಗೆ ಹೊಳೀತಾ ಹೋಗುವ ಲೋಹದ ಡಬ್ಬಿಯನ್ನು ರೇಡಾರ್ ಇದ್ದವರೂ ನೋಡ್ತಾರೆ, ಬೈನಾಕ್ಯುಲರ್ ಇದ್ದವರೂ ನೋಡ್ತಾರೆ. ಅಮೆರಿಕ ತನ್ನ ಬೇಹುಗಾರಿಕೆ ಉಪಗ್ರಹಗಳ ಕಕ್ಷೆಯನ್ನು ಆ ಪಟ್ಟಿಯಲ್ಲಿ ಹಾಕಲ್ಲ, ಆದರೂ ಹವ್ಯಾಸಿ ವೀಕ್ಷಕರು ಸ್ಟಾಪ್‌ವಾಚ್, ಕ್ಯಾಮೆರಾ ಇಟ್ಟುಕೊಂಡೇ ಅವನ್ನೂ ಲೆಕ್ಕ ಹಾಕಿ ಹಂಚಿಕೊಳ್ಳುತ್ತಾರೆ. ಮುಚ್ಚಿಡೋಕೆ ಆಗೋದು ಕೆಲಸ ಏನು ಅನ್ನೋದನ್ನ ಮಾತ್ರ. ಯಾವೋಗನ್ ಉಪಗ್ರಹಗಳ ಬಗ್ಗೆ ಚೀನಾದ ಅಧಿಕೃತ ಮಾತು ಸಾಮಾನ್ಯವಾಗಿ ಒಂದೇ ಧಾಟಿಯದು: ವೈಜ್ಞಾನಿಕ ಪ್ರಯೋಗ, ಭೂಸಂಪನ್ಮೂಲ ಸಮೀಕ್ಷೆ, ಬೆಳೆ ಅಂದಾಜು, ವಿಪತ್ತು ತಡೆ. ಹೊರಗಿನ ತಜ್ಞರು ಬಹುತೇಕ ಇವನ್ನು ಸೇನಾ ವೀಕ್ಷಣೆಯ ಉಪಗ್ರಹಗಳು ಅಂತಲೇ ನೋಡ್ತಾರೆ. ನನ್ನ ಅಭಿಪ್ರಾಯವೂ ಅದೇ. ಅಂಥ ಕಕ್ಷೆಯನ್ನು ಬರೀ ಬೆಳೆ ಅಂದಾಜಿಗೆ ಯಾರೂ ಆರಿಸಿಕೊಳ್ಳಲ್ಲ. ಆ ಕಾರಣಕ್ಕೆ ಮುಂದೆ ಬರ್ತೀನಿ.

ಇನ್ನು ಆ ಎ, ಬಿ, ಸಿ, ಡಿ. ರೇಡಾರ್‌ಗೆ ಕಾಣೋದು ಚುಕ್ಕಿಗಳು ಮಾತ್ರ. ರಾಕೆಟ್ ಮೂರು ಉಪಗ್ರಹಗಳನ್ನು ಹತ್ತಿರ ಹತ್ತಿರದಲ್ಲೇ ಬಿಟ್ಟಿರುತ್ತೆ, ರಾಕೆಟ್‌ನ ಕೊನೆಯ ಹಂತವೂ ಅವುಗಳ ಜೊತೆಯಲ್ಲೇ ಸುತ್ತುತ್ತಿರುತ್ತೆ. ಬೋರ್ಡ್ ಇಲ್ಲದ ನಾಲ್ಕು ಬಸ್ ಒಟ್ಟಿಗೆ ಸ್ಟ್ಯಾಂಡ್ ಬಿಟ್ಟ ಹಾಗೆ, ಎಷ್ಟು ಅಂತ ಎಣಿಸಬಹುದು, ಯಾವುದು ಎಲ್ಲಿಗೆ ಅಂತ ಹೇಳೋಕೆ ಸ್ವಲ್ಪ ದೂರ ಹೋಗಬೇಕು. ಮೊದಲ ಕೆಲವು ದಿನ ಇವತ್ತು 'ಎ' ಅಂದಿದ್ದು ನಾಳೆ 'ಬಿ' ಆಗೋದೂ ಉಂಟು, ಅದು ಸಂಚಲ್ಲ, ಗುರುತು ಹಿಡಿಯೋ ತಾಪತ್ರಯ ಅಷ್ಟೇ. 2015ರ ಸೆಪ್ಟೆಂಬರ್ 20ರಂದು ಚೀನಾದ ಲಾಂಗ್ ಮಾರ್ಚ್-6 ರಾಕೆಟ್ ಮೊದಲ ಬಾರಿ ತೈಯುವಾನ್‌ನಿಂದ ಹಾರಿದಾಗ ಒಂದೇ ಸಲಕ್ಕೆ 20 ಉಪಗ್ರಹ ಬಿಟ್ಟಿತ್ತು. ಅವುಗಳಲ್ಲಿ ಚೀನಾದ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಉಪಗ್ರಹಗಳೂ ಇದ್ದವು. ಅಂಥವು ಇದ್ದರೆ ಕೆಲಸ ಸುಲಭ, ಸಿಗ್ನಲ್‌ನ ಡಾಪ್ಲರ್ (ಹತ್ತಿರ ಬರುವಾಗ, ದೂರ ಹೋಗುವಾಗ ಆವರ್ತನದಲ್ಲಿ ಆಗುವ ಬದಲಾವಣೆ) ನೋಡಿ ಇದು ಈ ಚುಕ್ಕಿಯೇ ಅಂತ ಹೊಂದಿಸಬಹುದು. ಯಾವೋಗನ್‌ನಲ್ಲಿ ಆ ಸೌಲಭ್ಯ ಇಲ್ಲ.

ಪಟ್ಟಿಯಲ್ಲಿ ಎರಡು ಗುರುತು ಇರುತ್ತೆ, ಎರಡನ್ನೂ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಚೀನಾದ ಅಂತರಿಕ್ಷ ನಿಲ್ದಾಣದ ಮೂಲ ಭಾಗ ತ್ಯಾನ್‌ಹ. ಅದರ ಕೆಟಲಾಗ್ ಸಂಖ್ಯೆ 48274, ಅಂತರರಾಷ್ಟ್ರೀಯ ಗುರುತು 2021-035ಎ. ಅಂದರೆ 2021ರ 35ನೇ ಉಡಾವಣೆ, ಅದರ ಮೊದಲ ವಸ್ತು. ಅದನ್ನು ಹೊತ್ತೊಯ್ದ ರಾಕೆಟ್ 48275, 2021-035ಬಿ. ಹೆಸರು ಬದಲಾಗಬಹುದು, ನಂಬರ್ ಹಿಡಿದುಕೊಂಡು ಹೋಗಿ. ವಾರ ಕಳೆದ ಮೇಲೆ ಯಾವುದು ರಾಕೆಟ್ ಅಂತ ನೀವೇ ಹೇಳಬಹುದು. ಉಪಗ್ರಹಗಳು ಎಂಜಿನ್ ಉರಿಸಿ ಎತ್ತರ ಸರಿಮಾಡಿಕೊಳ್ತವೆ, ಒಂದಕ್ಕೊಂದು ಅಂತರ ಕಾಯ್ದುಕೊಳ್ತವೆ. ರಾಕೆಟ್ ಹಂತ ಮಾತ್ರ ದಿನಾ ಸ್ವಲ್ಪ ಸ್ವಲ್ಪ ಕೆಳಗಿಳೀತಾ, ಅದರ ದಿನದ ಸುತ್ತು ಜಾಸ್ತಿ ಆಗ್ತಾ ಹೋಗುತ್ತೆ.

ಈಗ ನಾಲ್ಕು ನಿಮಿಷದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ, ಯಾಕೆಂದರೆ ಇದರಲ್ಲಿ ಅಳತೆ ಇದೆ.

ನೀವು ಇಳಿಸಿಕೊಂಡ ಆ ಎರಡು ಸಾಲಿಗೆ ಟಿಎಲ್‌ಇ ಅಂತಾರೆ. ಅದರಲ್ಲಿ ಎಪಾಕ್ ಅಂತ ಒಂದು ಅಂಕಿ ಇರುತ್ತೆ. 21119 ಅಂತ ಶುರುವಾದರೆ 2021ನೇ ಇಸವಿಯ 119ನೇ ದಿನ, ಅಂದರೆ ಏಪ್ರಿಲ್ 29, ತ್ಯಾನ್‌ಹ ಹಾರಿದ ದಿನ. ಉಪಗ್ರಹ ಇಂಥ ಕ್ಷಣದಲ್ಲಿ ಇಂಥ ಕಕ್ಷೆಯಲ್ಲಿತ್ತು ಅನ್ನೋದಷ್ಟೇ ಟಿಎಲ್‌ಇ ಹೇಳುವ ಮಾತು. ಅಲ್ಲಿಂದ ಮುಂದಿನದೆಲ್ಲ ನಿಮ್ಮ ಆ್ಯಪ್ ಎಸ್‌ಜಿಪಿ4 ಅನ್ನೋ ಸೂತ್ರದಲ್ಲಿ ಹಾಕುವ ಲೆಕ್ಕ. ಸುಮ್ನೆ ಸುತ್ತುತ್ತಾ ಇರುವ ವಸ್ತುವಿಗೆ ಒಂದೆರಡು ದಿನ ಈ ಲೆಕ್ಕ ಚೆನ್ನಾಗೇ ಕೂರುತ್ತೆ, ತಪ್ಪು ಕೆಲವೇ ಕಿಲೋಮೀಟರ್. ಆದರೆ ನಡುವೆ ಉಪಗ್ರಹ ಎಂಜಿನ್ ಉರಿಸಿದರೆ ಆ್ಯಪ್‌ಗೆ ಅದು ಗೊತ್ತಾಗಲ್ಲ. ಲೆಕ್ಕ ಹಾಕಿ ನೋಡೋಣ. 500 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 94 ನಿಮಿಷ ಮೂವತ್ತು ಚಿಲ್ಲರೆ ಸೆಕೆಂಡ್. ಎತ್ತರವನ್ನು ಬರೀ 10 ಕಿ.ಮೀ. ಏರಿಸಿದರೆ ಪ್ರತಿ ಸುತ್ತಿಗೆ ಸುಮಾರು 12 ಸೆಕೆಂಡ್ ಜಾಸ್ತಿ ಆಗುತ್ತೆ. ದಿನಕ್ಕೆ 15 ಸುತ್ತು. ಅಲ್ಲಿಗೆ ಒಂದೇ ದಿನದಲ್ಲಿ ಮೂರು ನಿಮಿಷ ತಡ. ಹೊಸದಾಗಿ ಹಾರಿದ ಉಪಗ್ರಹ ಮೊದಲ ವಾರ ಕಕ್ಷೆ ಸರಿಮಾಡಿಕೊಳ್ಳೋದು ದಿನನಿತ್ಯದ ಕೆಲಸ. ಗ್ರೌಂಡ್ ಸ್ಟೇಷನ್‌ನಲ್ಲಿ ಕೂತವರಿಗೆ ನಾಲ್ಕು ನಿಮಿಷ ಅಂದ ತಕ್ಷಣ ಮೊದಲು ಬರುವ ಅನುಮಾನ ಇದೇ: ಕಕ್ಷೆ ಏರಿಸಿದ್ದಾರೆ, ಟಿಎಲ್‌ಇ ಹಳೇದು.

ಆದರೆ ನೀವು ಕಂಡಿದ್ದು ಅದೇ ಉಪಗ್ರಹವಾ? ಇಲ್ಲಿ ಒಂದು ಪರೀಕ್ಷೆ ಇದೆ, ಬಹಳ ಜನ ಮಾಡಲ್ಲ. ನಾಲ್ಕು ನಿಮಿಷದಲ್ಲಿ ಭೂಮಿ ಒಂದು ಡಿಗ್ರಿ ಪೂರ್ವಕ್ಕೆ ತಿರುಗಿರುತ್ತೆ, ನಿಮ್ಮ ಮಹಡಿಯನ್ನೂ ಸೇರಿಸಿಕೊಂಡು. ಉಪಗ್ರಹದ ಕಕ್ಷೆ ಮಾತ್ರ ಆಕಾಶದಲ್ಲಿ ಇದ್ದಲ್ಲೇ ಇರುತ್ತೆ. ಹಾಗಾಗಿ ನಾಲ್ಕು ನಿಮಿಷ ತಡವಾಗಿ ಬಂದ ಉಪಗ್ರಹದ ದಾರಿ ಹಾಸನದ ಅಕ್ಷಾಂಶದಲ್ಲಿ ನೂರು ಚಿಲ್ಲರೆ ಕಿ.ಮೀ. ಪಶ್ಚಿಮಕ್ಕೆ ಸರಿದಿರಲೇಬೇಕು. ನೆತ್ತಿಯ ಹತ್ತಿರ ಹಾದುಹೋದರೆ, ಸಮಭಾಜಕಕ್ಕೆ ವಾಲಿದ ಈ ಓರೆಯ ಕಕ್ಷೆಗೆ ಅದು ಆಕಾಶದಲ್ಲಿ ಆರೇಳು ಡಿಗ್ರಿ ವ್ಯತ್ಯಾಸ. ತೋಳು ಚಾಚಿ ಹಿಡಿದ ಮುಷ್ಟಿ ಸುಮಾರು ಹತ್ತು ಡಿಗ್ರಿ, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. "ಹೆಚ್ಚುಕಮ್ಮಿ ಅದೇ ದಾರಿ" ಅಂದಿದ್ದೀರಿ. ಇಷ್ಟು ಸರಿದಿದ್ದರೆ ಅದು ನಿಮ್ಮದೇ ಇರಬಹುದು. ದಾರಿ ಒಂಚೂರೂ ಸರಿಯದೆ ಆ್ಯಪ್ ತೋರಿಸಿದ ನಕ್ಷತ್ರದ ಮೇಲೇ ಹೋಗಿದ್ದರೆ ಅದು ಬೇರೆ ಯಾವುದೋ. ಈಗ ಆಕಾಶದಲ್ಲಿ ಸ್ಟಾರ್‌ಲಿಂಕ್ ಒಂದೇ ಸಾವಿರಾರು ಇವೆ, ಸಂಜೆ ಹೊತ್ತು ಬೈನಾಕ್ಯುಲರ್ ಎತ್ತಿದರೆ ಏನಾದರೊಂದು ಅಡ್ಡ ಬರೋದು ಗ್ಯಾರಂಟಿ. ಇನ್ನೊಂದು, ಟಿಎಲ್‌ಇ ಸಮಯ ಯುಟಿಸಿಯಲ್ಲಿರುತ್ತೆ, ನಮಗೆ ಐದೂವರೆ ಗಂಟೆ ಸೇರಿಸಬೇಕು. ಅದನ್ನು ನೀವು ಸರಿಯಾಗೇ ಮಾಡಿದ್ದೀರಿ, ಇಲ್ಲದಿದ್ದರೆ ತಪ್ಪು ನಿಮಿಷಗಳಲ್ಲಿ ಇರ್ತಿರಲಿಲ್ಲ.

ಕಕ್ಷೆಯ ಓರೆ ಅಂದೆನಲ್ಲ, ಅದೇ ಈ ಉಪಗ್ರಹಗಳ ಕಥೆ ಹೇಳೋದು. ಸಾಮಾನ್ಯ ಭೂವೀಕ್ಷಣೆ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಹೋಗ್ತವೆ, ಸಮಭಾಜಕಕ್ಕೆ 97–98 ಡಿಗ್ರಿ ಓರೆಯಾಗಿ. ಇಡೀ ಭೂಮಿ ಕಾಣುತ್ತೆ, ದಿನಾ ಒಂದೇ ಸ್ಥಳೀಯ ಸಮಯಕ್ಕೆ ಬರುತ್ತೆ, ನೆರಳು ಒಂದೇ ಥರ ಬೀಳುತ್ತೆ. ನಮ್ಮ ಕಾರ್ಟೊಸ್ಯಾಟ್-3 ಕೂಡ ಹಾಗೇ. ಆದರೆ 2021ರ ನವೆಂಬರ್ 6ರಂದು ಯಾವೋಗನ್-35ರ ಮೊದಲ ಮೂರು ಉಪಗ್ರಹ ಶೀಚಾಂಗ್‌ನಿಂದ ಹೋದವಲ್ಲ, ಆಮೇಲೆ ಬಂದ 36, 39ನೇ ಸರಣಿಗಳೂ, ಇವೆಲ್ಲ ಸುಮಾರು 500 ಕಿ.ಮೀ. ಎತ್ತರ, 35 ಡಿಗ್ರಿ ಓರೆ. ಅಂದರೆ ಉತ್ತರಕ್ಕೆ 35, ದಕ್ಷಿಣಕ್ಕೆ 35 ಡಿಗ್ರಿ ಅಕ್ಷಾಂಶ ಬಿಟ್ಟು ಆಚೆ ಹೋಗಲ್ಲ. ರಷ್ಯಾ ಬೇಡ, ಯುರೋಪ್ ಬೇಡ. ಅದರ ಬದಲು ತೈವಾನ್, ದಕ್ಷಿಣ ಚೀನಾ ಸಮುದ್ರ, ಹಿಂದೂ ಮಹಾಸಾಗರ, ಭಾರತದ ಬಹುಪಾಲು ದಿನಕ್ಕೆ ಹಲವು ಬಾರಿ ಸಿಗುತ್ತೆ. ಯಾವ ಪ್ರದೇಶ ಮತ್ತೆ ಮತ್ತೆ ನೋಡಬೇಕು ಅಂತ ಆರಿಸಿಕೊಂಡಿದ್ದಾರೆ ಅನ್ನೋದು ಕಕ್ಷೆಯಲ್ಲೇ ಬರೆದಿದೆ, ಹೇಳಿಕೆ ಏನೇ ಇರಲಿ.

ಮೊದಲ ಸುತ್ತುಗಳನ್ನು ನಕ್ಷೆ ಮೇಲೆ ಎಳೆದು ನೋಡಿ, ಮಜಾ ಇದೆ. ಶೀಚಾಂಗ್ 28 ಡಿಗ್ರಿ ಉತ್ತರದಲ್ಲಿದೆ, 35 ಡಿಗ್ರಿ ಕಕ್ಷೆಗೆ ಹೋಗೋಕೆ ರಾಕೆಟ್ ಆಗ್ನೇಯದ ಕಡೆ ವಾಲಿ ಹಾರಬೇಕು. ಉಪಗ್ರಹ ಪೆಸಿಫಿಕ್ ದಾಟಿ, ಉತ್ತರ ಆಫ್ರಿಕಾ, ಇರಾನ್ ಮೇಲೆ ಬಂದು ಒಂದೂವರೆ ಗಂಟೆ ಹೊತ್ತಿಗೆ ದೆಹಲಿ ಕಡೆಯಿಂದ ಇಳಿಯುತ್ತೆ. ಅಷ್ಟರಲ್ಲಿ ಭೂಮಿ 24 ಡಿಗ್ರಿಯಷ್ಟು ತಿರುಗಿರುತ್ತೆ ನೋಡಿ, ಶೀಚಾಂಗ್ ಮೇಲೆ ಬರಬೇಕಿದ್ದದ್ದು ಅಷ್ಟು ಪಶ್ಚಿಮಕ್ಕೆ ಬಂತು. ಇನ್ನೊಂದು ಸುತ್ತು ಮುಗಿಸಿ ಸುಮಾರು ಮೂರೂಕಾಲು ಗಂಟೆಗೆ ಚೆನ್ನೈ ಆಚೆ ಬಂಗಾಳ ಕೊಲ್ಲಿ ಮೇಲೆ ಹೋಗುತ್ತೆ. ಹಾಸನದಿಂದ ನೋಡಿದರೆ ಪೂರ್ವ ದಿಕ್ಕಿನಲ್ಲಿ, ದಿಗಂತಕ್ಕೆ ಅಷ್ಟೇನೂ ಹತ್ತಿರ ಇರಲ್ಲ. ಉಡಾವಣೆ ಸಮಯ ಗೊತ್ತಿದ್ದರೆ ಟಿಎಲ್‌ಇ ಬರೋ ಮುಂಚೆಯೇ ಇಷ್ಟನ್ನು ಹೇಳಬಹುದು. ದಿಕ್ಕು ಇನ್ನೂ ಮೊದಲೇ ಗೊತ್ತಾಗುತ್ತೆ. ರಾಕೆಟ್ ಹಂತ ಬೀಳುವ ಜಾಗಕ್ಕೆ ವಿಮಾನಗಳು ಹೋಗದಂತೆ ನೋಟಾಮ್ ಅನ್ನೋ ಎಚ್ಚರಿಕೆ ಸೂಚನೆ ಹೊರಡಿಸ್ತಾರೆ. ಅದರ ಚೌಕಗಳನ್ನು ನಕ್ಷೆಯಲ್ಲಿ ಗುರುತಿಸಿ ಉಡಾವಣಾ ಕೇಂದ್ರದಿಂದ ಗೆರೆ ಎಳೆದರೆ ಓರೆ ಎಷ್ಟು ಅಂತ ಸಿಗುತ್ತೆ, ಹವ್ಯಾಸಿಗಳು ಮಾಡೋದೇ ಇದನ್ನ. ಅಂದಹಾಗೆ ಚೀನಾ ನಿಲ್ದಾಣದ ಕಕ್ಷೆ 41.5 ಡಿಗ್ರಿ ಯಾಕೆ ಅಂತ ಯೋಚಿಸಿದ್ದೀರಾ? ಗಗನಯಾತ್ರಿಗಳು ಹಾರುವ ಜ್ಯುಚ್ವಾನ್ ಕೇಂದ್ರ ಸುಮಾರು 41 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿಂದ ನೇರವಾಗಿ ಅದಕ್ಕಿಂತ ಕಡಿಮೆ ಓರೆಗೆ ಹೋಗೋಕೆ ಆಗಲ್ಲ.

ಡ್ಯಾಂ ಫೋಟೋ ವಿಷಯ. ತೆಗೀತಾರಾ? ತೆಗೀಬಹುದು. ನಾವೂ ಬೇರೆಯವರದ್ದು ತೆಗೀತೀವಿ. 2019ರ ನವೆಂಬರ್ 27ರಂದು ಹಾರಿದ ಕಾರ್ಟೊಸ್ಯಾಟ್-3 ನೆಲದ ಮೇಲಿನ 25 ಸೆಂ.ಮೀ. ವಿವರ ಹಿಡಿಯುತ್ತೆ. ಆದರೆ ನಿಮ್ಮ ಮುಖ, ಗಾಡಿ ನಂಬರ್ ಕಾಣುತ್ತೆ ಅನ್ನೋದು ಸಿನಿಮಾ. ಹಬಲ್ ದೂರದರ್ಶಕದಷ್ಟು ದೊಡ್ಡ, 2.4 ಮೀಟರ್ ಕನ್ನಡಿ ಇಟ್ಟು 500 ಕಿ.ಮೀ. ಮೇಲಿಂದ ನೋಡಿದರೂ ಬೆಳಕಿನ ಸ್ವಭಾವವೇ 12–13 ಸೆಂ.ಮೀ.ಗಿಂತ ಸಣ್ಣ ವಿವರ ಬಿಟ್ಟುಕೊಡಲ್ಲ. ಈ ಮಿತಿ ಚೀನಾಕ್ಕೂ ಅಷ್ಟೇ, ಅಮೆರಿಕಕ್ಕೂ ಅಷ್ಟೇ. ಉಪಗ್ರಹ ತಲೆ ಮೇಲೆ ಹಾದು ಹೋಗೋದು ಯಾವ ಕಾನೂನಿಗೂ ವಿರುದ್ಧ ಅಲ್ಲ, ಅಂತರಿಕ್ಷದಲ್ಲಿ ಯಾರಿಗೂ ಗಡಿ ಇಲ್ಲ. ಸೇನೆಯವರು ಇಂಥ ಪಾಸ್‌ಗಳ ವೇಳಾಪಟ್ಟಿ ಇಟ್ಟುಕೊಂಡೇ ಕೆಲಸ ಮಾಡ್ತಾರೆ. ನಮ್ಮ ಕಡೆ ಆಕಾಶದಲ್ಲಿ ಏನೇನಿದೆ ಅಂತ ಲೆಕ್ಕ ಇಡೋಕೆ ಇಸ್ರೋದ ಐಎಸ್4ಓಎಂ ಕೇಂದ್ರ 2022ರ ಜುಲೈನಿಂದ ಬೆಂಗಳೂರಲ್ಲೇ ಇದೆ, ಶ್ರೀಹರಿಕೋಟದಲ್ಲಿ ಅದಕ್ಕಾಗಿ ರೇಡಾರ್ ಇದೆ.

ಚಿಕ್ಕಪ್ಪನ ಎರಡನೇ ಭಯವನ್ನು ಮಾತ್ರ ನಾನು ತಳ್ಳಿಹಾಕಲ್ಲ. ರಾಕೆಟ್ ಭಾಗ ಬೀಳೋದು ನಿಜ, ಭಾರತದಲ್ಲೂ ಬಿದ್ದಿದೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಮಧ್ಯಪ್ರದೇಶದ ಆಕಾಶದಲ್ಲಿ ಬೆಂಕಿಯ ಗೆರೆ ಕಂಡಿತ್ತಲ್ಲ, ಚಂದ್ರಪುರ ಜಿಲ್ಲೆಯ ಸಿಂದೇವಾಹಿ ಹತ್ತಿರ ದೊಡ್ಡ ಲೋಹದ ಬಳೆ ಬಿತ್ತು, ಆ ಸುತ್ತಮುತ್ತಲೇ ರಾಕೆಟ್‌ನ ಗುಂಡನೆಯ ಟ್ಯಾಂಕ್‌ಗಳೂ ಸಿಕ್ಕವು. 2021ರ ಫೆಬ್ರವರಿಯಲ್ಲಿ ಹಾರಿದ ಲಾಂಗ್ ಮಾರ್ಚ್-3ಬಿಯ ಮೂರನೇ ಹಂತ ಅಂತ ಕಕ್ಷೆ ಹೊಂದಿಸಿ ನೋಡಿದ ತಜ್ಞರು ಅಂದಾಜಿಸಿದರು. ತ್ಯಾನ್‌ಹ ಹೊತ್ತ ಲಾಂಗ್ ಮಾರ್ಚ್-5ಬಿಯ 20 ಟನ್‌ಗೂ ಮೀರಿದ ಹಂತ 2021ರ ಮೇ 9ರಂದು ಮಾಲ್ದೀವ್ಸ್ ಹತ್ತಿರ ಹಿಂದೂ ಮಹಾಸಾಗರಕ್ಕೆ ಬಿತ್ತು. 2020ರಲ್ಲಿ ಅದೇ ಬಗೆಯ ರಾಕೆಟ್‌ನ ತುಂಡುಗಳು ಐವರಿ ಕೋಸ್ಟ್‌ನ ಹಳ್ಳಿಗಳಲ್ಲಿ ಸಿಕ್ಕಿದ್ದವು. ಅಷ್ಟು ದೊಡ್ಡ ಹಂತವನ್ನು ನಿಯಂತ್ರಣ ಇಲ್ಲದೆ ಬೀಳೋಕೆ ಬಿಡೋದು ಬೇಜವಾಬ್ದಾರಿ, ಇದರಲ್ಲಿ ಎರಡು ಮಾತಿಲ್ಲ. ನಿಮ್ಮ ಯಾವೋಗನ್ ಜಾತಿಯದ್ದೇ ಬೇಕೆಂದರೆ, 2022ರ ಜೂನ್ 23ರಂದು ಯಾವೋಗನ್-35ರ ಎರಡನೇ ಗುಂಪನ್ನು ಒಯ್ದ ಲಾಂಗ್ ಮಾರ್ಚ್-2ಡಿಯ ಹಂತ 2023ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್ ಮೇಲೆ ಉರಿದು ಇಳಿಯಿತು.

ಎಲ್ಲಿ ಬೀಳುತ್ತೆ ಅಂತ ಮೊದಲೇ ಹೇಳೋಕೆ ಯಾಕಾಗಲ್ಲ? ಕಾರಣ ಗಾಳಿ. ಮೇಲಿನ ವಾತಾವರಣ ಸೂರ್ಯನ ಚಟುವಟಿಕೆಗೆ ತಕ್ಕಂತೆ ಉಬ್ಬುತ್ತೆ, ಕುಗ್ಗುತ್ತೆ. ಉರುಳಾಡ್ತಾ ಬರುವ ರಾಕೆಟ್ ಒಮ್ಮೆ ಅಡ್ಡಲಾಗಿ, ಒಮ್ಮೆ ಮೂತಿ ಮುಂದಾಗಿ ಗಾಳಿಗೆ ಎದುರಾಗುತ್ತೆ. ಅನುಭವದ ಲೆಕ್ಕ ಹೀಗಿದೆ: ಇನ್ನು ಎಷ್ಟು ಸಮಯ ಉಳಿದಿದೆ ಅಂತ ಅಂದಾಜಿದೆಯೋ ಅದರ ಐದರಲ್ಲೊಂದು ಭಾಗ ಹಿಂದೆ ಮುಂದೆ ಆಗಬಹುದು. ಬೀಳೋಕೆ ಹತ್ತು ಗಂಟೆ ಇದೆ ಅಂದರೆ ಎರಡು ಗಂಟೆ ಆಚೀಚೆ. ಆ ಎರಡು ಗಂಟೆಯಲ್ಲಿ ಅದು ಭೂಮಿಯನ್ನು ಒಂದಕ್ಕಿಂತ ಜಾಸ್ತಿ ಸುತ್ತು ಹಾಕಿರುತ್ತೆ. ಹಾಗಾಗಿ ಒಂದು ದಿನ ಮುಂಚೆ "ಬೆಂಗಳೂರಿನ ಮೇಲೆ ಬೀಳಲಿದೆ" ಅಂತ ಟಿವಿಯಲ್ಲಿ ಬಂದರೆ ಅದಕ್ಕೆ ಆಧಾರ ಇಲ್ಲ ಅಂತಲೇ ತಿಳ್ಕೊಳ್ಳಿ. ಒಬ್ಬ ವ್ಯಕ್ತಿಗೆ ತಗಲುವ ಸಾಧ್ಯತೆ ಲೆಕ್ಕಕ್ಕೆ ಇಲ್ಲದಷ್ಟು ಕಡಿಮೆ. ನಿಜವಾಗಿ ಅಪಾಯದಲ್ಲಿ ಬದುಕೋರು ಚೀನಾದ ಒಳನಾಡಿನ ಹಳ್ಳಿಯವರು. 2024ರ ಜೂನ್ 22ರಂದು ಶೀಚಾಂಗ್‌ನಿಂದ ಲಾಂಗ್ ಮಾರ್ಚ್-2ಸಿ ಹಾರಿದಾಗ ಅದರ ಕೆಳ ಹಂತ ಹಳದಿ ಹೊಗೆ ಕಾರ್ತಾ ಗುಯ್ಚೌ ಪ್ರಾಂತ್ಯದ ಹಳ್ಳಿ ಮೇಲೆ ಇಳಿದಿದ್ದು ವಿಡಿಯೋದಲ್ಲಿದೆ. ಆ ಇಂಧನ ವಿಷ. ಯಾವಾಗಲಾದರೂ ಎಲ್ಲಾದರೂ ಲೋಹದ ಗುಂಡು ಟ್ಯಾಂಕ್ ಹೊಲದಲ್ಲಿ ಬಿದ್ದಿದ್ದರೆ ಮುಟ್ಟಬೇಡಿ, ಗಾಳಿ ಬರುವ ದಿಕ್ಕಿಗೆ ದೂರ ಹೋಗಿ ಪೊಲೀಸರಿಗೆ ತಿಳಿಸಿ.

ಕೊನೆಗೆ ಡಾಂಗಲ್. ತಗೊಳ್ಳಿ, ಕಲಿಯೋಕೆ ಅದಕ್ಕಿಂತ ಒಳ್ಳೇದಿಲ್ಲ, ಆದರೆ ಯಾವೋಗನ್‌ಗಾಗಿ ತಗೊಳ್ಳಬೇಡಿ. ಅದರ ಮಾಹಿತಿ ಗೂಢಲಿಪಿಯಲ್ಲಿ, ಸಾಮಾನ್ಯವಾಗಿ ತನ್ನ ಕೇಂದ್ರಗಳ ಮೇಲೆ ಬಂದಾಗ ಇಳಿಯುತ್ತೆ, ನಿಮ್ಮ ತಂತಿ ಆಂಟೆನಾಗೆ ಏನೂ ಸಿಗಲ್ಲ. ಬದಲಿಗೆ 435–438 ಮೆಗಾಹರ್ಟ್ಸ್‌ನ ಹ್ಯಾಮ್ ಉಪಗ್ರಹ ಕೇಳಿ. ಬರುವಾಗ ಸುಮಾರು 10 ಕಿಲೋಹರ್ಟ್ಸ್ ಮೇಲಿರುತ್ತೆ, ಹೋಗುವಾಗ ಅಷ್ಟೇ ಕೆಳಗೆ, ನಡುವೆ ಸರ್ರನೆ ಇಳಿಯುತ್ತೆ. ಆ ಇಳಿತದ ಕ್ಷಣ ಬರೆದುಕೊಂಡರೆ ಅದೇ ಉಪಗ್ರಹ ನಿಮಗೆ ಅತಿ ಹತ್ತಿರ ಇದ್ದ ಸಮಯ, ಅದರಿಂದ ಟಿಎಲ್‌ಇ ಎಷ್ಟು ಹಳತಾಗಿದೆ ಅಂತ ನೀವೇ ಹೇಳಬಹುದು. ಹ್ಯಾಮ್ ಅಲ್ಲದ, ಸಾರ್ವಜನಿಕರಿಗೆ ಅಂತ ಕಳಿಸದ ಸಿಗ್ನಲ್‌ಗಳನ್ನು ಹಿಡಿದು ಬಿಡಿಸೋದು, ಹಂಚೋದು ಕಾನೂನಿನ ತೊಂದರೆ ತರುತ್ತೆ, ಆ ಕಡೆ ಹೋಗಬೇಡಿ. ಲೈಸೆನ್ಸ್ ಇರುವ ಹ್ಯಾಮ್ ಒಬ್ಬರನ್ನು ಹಿಡಿದುಕೊಳ್ಳಿ, ನಿಯಮವನ್ನೂ ಆಂಟೆನಾವನ್ನೂ ಅವರೇ ಹೇಳಿಕೊಡ್ತಾರೆ. ಸ್ಯಾಟ್‌ನಾಗ್ಸ್ ಜಾಲದಲ್ಲಿ ಬೇರೆಯವರ ಸ್ಟೇಷನ್ ಹಿಡಿದ ದಾಖಲೆಗಳೂ ಎಲ್ಲರಿಗೂ ತೆರೆದಿವೆ.

ಸೆಲೆಸ್‌ಟ್ರ್ಯಾಕ್‌ನಿಂದ ಡೇಟಾ ಇಳಿಸೋ ಸ್ಕ್ರಿಪ್ಟ್ ಬರೆದರೆ ನಿಮಿಷಕ್ಕೊಮ್ಮೆ ಓಡಿಸಬೇಡಿ, ಬ್ಲಾಕ್ ಮಾಡ್ತಾರೆ. ದಿನಕ್ಕೆ ಎರಡು ಸಲ ಸಾಕು. ಚುಕ್ಕಿ ತೋರಿಸೋಕೆ ಹಸಿರು ಲೇಸರ್ ಆಕಾಶಕ್ಕೆ ಹಿಡೀಬೇಡಿ, ವಿಮಾನದ ಪೈಲಟ್ ಕಣ್ಣಿಗೆ ಬೀಳುತ್ತೆ. ಮತ್ತೆ "ಗೊರೂರು ಡ್ಯಾಂ ಮೇಲೆ ಸಂಜೆ ಇಷ್ಟು ಗಂಟೆಗೆ ಚೀನಾ ಗೂಢಚಾರಿ" ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ. ಅದು ಅದೇ ಉಪಗ್ರಹ ಅಂತ ನಿಮಗೇ ಇನ್ನೂ ಖಚಿತ ಇಲ್ವಲ್ಲ.

ಮೊದಲು ಚೀನಾ ನಿಲ್ದಾಣದ ಮೇಲೆ ಕೈ ಪಳಗಿಸಿ. ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತೆ, ಹಾಸನದ ಮೇಲೆ ಆಗಾಗ ಬರುತ್ತೆ. ಯಾವುದಾದರೂ ಗುರುತಿನ ನಕ್ಷತ್ರದ ಪಕ್ಕ ಹಾದು ಹೋದ ಕ್ಷಣವನ್ನು ಸೆಕೆಂಡ್ ಲೆಕ್ಕದಲ್ಲಿ ಬರೆಯಿರಿ, ಜೊತೆಗೆ ಟಿಎಲ್‌ಇ ಎಪಾಕ್ ಕೂಡ. ಅದು ಸರಿ ಬರೋಕೆ ಶುರುವಾದ ಮೇಲೆ ಯಾವೋಗನ್‌ಗೆ ಹೋಗಿ. ನಾಲ್ಕು ವಸ್ತುಗಳದ್ದೂ ವಾರ ಪೂರ್ತಿ ಟಿಎಲ್‌ಇ ಉಳಿಸಿಟ್ಟು ದಿನದ ಸುತ್ತುಗಳ ಅಂಕಿಯನ್ನು ಗ್ರಾಫ್ ಮಾಡಿ. ಒಂದು ಗೆರೆ ಉಳಿದವನ್ನು ಬಿಟ್ಟು ಮೇಲೇರುತ್ತೆ, ಅದು ರಾಕೆಟ್. ಅದು 'ಡಿ' ಆಗಿರುತ್ತೆ ಅಂತ ನನ್ನ ಊಹೆ, ಗ್ರಾಫ್ ಬೇರೆ ಹೇಳಿದರೆ ಅದನ್ನು ನನಗೂ ಕಳಿಸಿ.